ಆಂಗಲ್ಸಿಯ ಎರಡು ಕಲ್ಲುಗೋರಿಗಳು: ಯಾವುದಕ್ಕೆ ಹೋಗೋದು?

ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಸುಮಾರು 5,000 ವರ್ಷ ಹಳೆಯ ಎರಡು ಗೋರಿಗಳಿವೆ. ಎರಡೂ ನವಶಿಲಾಯುಗದವು. ದಿಬ್ಬದೊಳಗೆ ಕಿರಿದಾದ ದಾರಿ, ಕೊನೆಗೆ ಕಲ್ಲಿನ ಕೋಣೆ.

ಒಂದಕ್ಕೇ ಸಮಯವಿದ್ದರೆ ಬ್ರಿನ್ ಕೆಲ್ಲಿ ದೀಗೆ ಹೋಗಿ. ಟಿಕೆಟ್ ಇಲ್ಲ, ಸುಮ್ನೆ ಬಗ್ಗಿ ಒಳಗೆ ನಡೆಯಬಹುದು. ಕೋಣೆಯಲ್ಲಿ ನುಣುಪಾದ ಕಂಬವೊಂದು ಒಂಟಿಯಾಗಿ ನಿಂತಿದೆ. ಅದು ಚಾವಣಿಯನ್ನೂ ಹೊತ್ತಿಲ್ಲ. ಮತ್ಯಾಕೆ ನಿಲ್ಲಿಸಿದರು ಅನ್ನೋ ಪ್ರಶ್ನೆ ನನ್ನನ್ನು ಬಿಡುವುದೇ ಇಲ್ಲ. ಜೂನ್‌ನಲ್ಲಿ ಹಗಲು ಅತಿ ಜಾಸ್ತಿ ಇರುವ ದಿನ, ಹುಟ್ಟುವ ಸೂರ್ಯನ ಬೆಳಕು ದಾರಿಯುದ್ದಕ್ಕೂ ಹರಿದು ಕೋಣೆ ಮುಟ್ಟುತ್ತದೆ. ದಿಬ್ಬಕ್ಕೂ ಮೊದಲು ಇಲ್ಲಿ ಕಂದಕ, ನಿಲುಗಲ್ಲುಗಳ ವೃತ್ತ ಇದ್ದವು. ಹಿಂಬದಿಯ ಕೆತ್ತನೆಗಲ್ಲು ಮಾತ್ರ ನಕಲು, ಅಸಲಿ ಕಾರ್ಡಿಫ್ ಮ್ಯೂಸಿಯಂನಲ್ಲಿದೆ.

ಕೆತ್ತನೆಯನ್ನು ಅದರ ಜಾಗದಲ್ಲೇ ನೋಡಬೇಕಾ? ಹಾಗಾದರೆ ಸಮುದ್ರದಂಚಿನ ಬಾರ್ಕ್ಲೊಡಿಯಾಡ್ ಅ ಗವ್ರೆಸ್. ಸುರುಳಿ, ಅಂಕುಡೊಂಕು ಗೆರೆಗಳು ಕಲ್ಲುಗಳ ಮೇಲೆ ಇನ್ನೂ ಇವೆ. 1952–53ರ ಉತ್ಖನನದಲ್ಲಿ ಒಳಗೆ ಒಲೆಯ ಗುರುತು ಸಿಕ್ಕಿತು. ಜೊತೆಗೆ ಮೀನು, ಕಪ್ಪೆ, ಹಾವು, ಇಲಿಯ ಸಣ್ಣ ಮೂಳೆಗಳು! ಆದರೆ ಚಾವಣಿ ಈಗ ಕಾಂಕ್ರೀಟಿನದು, ಬಾಗಿಲಿಗೆ ಬೀಗ ಇರುತ್ತದೆ. ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿಕೊಂಡು, ಟಾರ್ಚ್ ಹಿಡಿದುಕೊಂಡು ಹೋಗಿ.