ಕ್ಲಚ್ ಕಾಲಿನ ನೀ ಕ್ಯಾಪ್

ತುಮಕೂರು–ಪಾವಗಡ ರೂಟಲ್ಲಿ ಖಾಸಗಿ ಬಸ್ ಓಡಿಸ್ತೀನಿ. ಕೊರಟಗೆರೆ, ಮಧುಗಿರಿ ದಾಟೋ ಹೊತ್ತಿಗೆ ಎಡಗಾಲು ಎಷ್ಟು ಸಲ ಕ್ಲಚ್ ತುಳಿದಿರುತ್ತೋ ಲೆಕ್ಕ ಇಟ್ಟವರಿಲ್ಲ. ಹಂಪ್ ಬಂದಾಗೆಲ್ಲ ಒಂದು ಸಲ, ಕೈ ಅಡ್ಡ ಹಾಕಿದವರಿಗೆಲ್ಲ ಇನ್ನೊಂದು ಸಲ. ಹೋದ ದೀಪಾವಳಿ ಆದಮೇಲೆ ಮಂಡಿಚಿಪ್ಪಿನ ಸುತ್ತ ನೋವು ಶುರುವಾಯ್ತು. ಬಸ್ಸಿಂದ ಇಳಿಯೋವಾಗ ಕಾಲು ಕುಸಿದಂಗೆ ಆಗೋದು.

ಮೊದಲು ಒಂದು ಮೆಡಿಕಲ್ ಸ್ಟೋರಲ್ಲಿ 320 ರೂಪಾಯಿ ಕೊಟ್ಟು ಮಂಡಿಗೆ ಹಾಕೋ ಎಲಾಸ್ಟಿಕ್ ನೀ ಕ್ಯಾಪ್ ಜೋಡಿ ತಗೊಂಡೆ. ಕೌಂಟರ್ ಹುಡುಗ ಆಳು ನೋಡಿ ‘ಮೀಡಿಯಂ ಸಾಕು’ ಅಂದ. ಆಳು ಸಣ್ಣಗಿದ್ರೂ ನನ್ನ ಕಾಲು ದಪ್ಪ, ಅದನ್ನ ಅವನು ನೋಡಲಿಲ್ಲ. ಮೇಲಿನ ಅಂಚು ಸುರುಳಿ ಸುತ್ಕೊಂಡು ಬಳೆ ಥರ ಬಿಗಿಯಿತು, ಹಿಂಬದಿ ಮಡಿಕೆ ಚರ್ಮ ಕಚ್ಚಿತು. ಮಧುಗಿರಿ ಬರೋಷ್ಟರಲ್ಲಿ ಪಾದ ಜೋಮು. ಕ್ಲಚ್ ಮೇಲೆ ಕಾಲಿದೆಯೋ ಇಲ್ಲವೋ ಗೊತ್ತಾಗದೆ ಹೋದ್ರೆ ಹಿಂದೆ ಕೂತ ಐವತ್ತು ಜನರ ಗತಿ? ಸ್ಟ್ಯಾಂಡಲ್ಲಿ ಬಿಚ್ಚಿ ಡ್ಯಾಶ್‌ಬೋರ್ಡ್ ಮೇಲೆ ಎಸೆದೆ.

ಎರಡನೇದು ಬಿ.ಎಚ್. ರಸ್ತೆಯ ಒಂದು ಅಂಗಡೀಲಿ, ಬೆಲ್ಟು, ಊರುಗೋಲು, ವೀಲ್‌ಚೇರ್ ಮಾರೋ ಕಡೆ. ಅಂಗಡಿಯವರು ಟೇಪ್ ಹಿಡಿದು ಮಂಡಿ ನಡುಮಧ್ಯ ಸುತ್ತಿದರು: 39 ಸೆಂಟಿಮೀಟರ್. ಪೊಟ್ಟಣದ ಹಿಂದೆ ಎಲ್ಲಿ ಅಳೀಬೇಕು ಅಂತ ಚಿತ್ರ ಇರುತ್ತೆ, ಒಂದೊಂದು ಕಂಪನಿಗೆ ಒಂದೊಂದು ಜಾಗ, ಅದನ್ನ ನೋಡೇ ಅಳೀಬೇಕಂತೆ. ಕೊಟ್ಟಿದ್ದು ನಿಯೋಪ್ರೀನ್‌ದು, ಲಾರ್ಜ್. ಮಂಡಿಚಿಪ್ಪಿಗೆ ಮುಂದೆ ತೂತು, ಎರಡೂ ಪಕ್ಕ ಸ್ಪ್ರಿಂಗ್, ಮೇಲೆ ಕೆಳಗೆ ವೆಲ್ಕ್ರೋ ಪಟ್ಟಿ, 1,150 ರೂಪಾಯಿ. ‘ಎರಡು ಬೆರಳು ತೂರಬೇಕು, ನಡೆದು ನೋಡಿ ಅಣ್ಣ’ ಅಂದರು. ನಾನು ನಡೀಲಿಲ್ಲ. ಸ್ಟೂಲ್ ಹಾಕಿಸ್ಕೊಂಡು ಕೂತು, ಗಾಳೀಲಿ ಹತ್ತು ಸಲ ಕ್ಲಚ್ ತುಳಿದೆ. ನಕ್ಕರು, ಆದ್ರೆ ಮುಗಿಯೋ ತನಕ ಕಾದರು.

ಮಾಲು ಚೆನ್ನಾಗಿದೆ. ದೇವರಾಯನದುರ್ಗದಲ್ಲಿ ಯೋಗ ನರಸಿಂಹನ ದರ್ಶನ ಮುಗಿಸಿ ಮೆಟ್ಟಿಲು ಇಳಿಯೋವಾಗ, ಹತ್ತೋದಕ್ಕಿಂತ ಇಳಿಯೋದೇ ನನಗೆ ಕಷ್ಟ, ಕಾಲು ಪಕ್ಕಕ್ಕೆ ವಾಲದಂಗೆ ಹಿಡಿದಿತ್ತು. ಹೆಂಡತಿ ಕೈ ಹಿಡೀಲಿಲ್ಲ.

ಬಸ್ಸಲ್ಲಿ ಮಾತ್ರ ಆಗಲ್ಲ. ಇಂಜಿನ್ ಬಾನೆಟ್ ಇರೋದೇ ಎಡಮಂಡಿ ಪಕ್ಕ. ನಿಯೋಪ್ರೀನ್ ಅಂದ್ರೆ ರಬ್ಬರು, ಬಿಸಿ ಒಳಗೇ ಹಿಡಿದಿಡುತ್ತೆ. ಅದರ ಮೇಲೆ ಪಾವಗಡದ ಏಪ್ರಿಲ್ ಬಿಸಿಲು. ಸೋಲಾರ್ ಪಾರ್ಕ್ ಸುಮ್ಮನೆ ಅಲ್ಲಿ ಮಾಡಿಲ್ಲ. ಮೂರೇ ದಿನಕ್ಕೆ ಬೆವರುಸಾಲೆ ಎದ್ದಿತು. ಈಗ ಡ್ಯೂಟಿಗೆ ಅದೇ ಅಂಗಡಿಯ ತೆಳು ಎಲಾಸ್ಟಿಕ್ ಲಾರ್ಜು, ಬೆಟ್ಟಕ್ಕೆ ಸ್ಪ್ರಿಂಗಿನದು. ರಾತ್ರಿ ಎರಡೂ ಬೇಡ.

ಒಗೆಯೋವಾಗ ವೆಲ್ಕ್ರೋ ಮುಚ್ಚಿ, ತಣ್ಣೀರಲ್ಲಿ ಕೈಯಲ್ಲೇ ಒಗೆದು ನೆರಳಲ್ಲಿ ಹಾಕಿ. ಮುಚ್ಚದೆ ಒಗೆದು ಖಾಕಿ ಪ್ಯಾಂಟಿನ ನೂಲೆಲ್ಲ ಕಿತ್ತುಬಂತು, ಮನೇಲಿ ಬೈಗುಳ ಬೇರೆ.

ಮಂಡಿ ಊದಿದ್ರೆ, ಮಡಚಿದ್ದು ಸಿಕ್ಕಿಹಾಕ್ಕೊಂಡ್ರೆ ಅಂಗಡಿಗೆ ಹೋಗಬೇಡಿ, ಮೂಳೆ ಡಾಕ್ಟರ ಹತ್ರ ಹೋಗಿ. ನಾನು ತಡವಾಗಿ ಹೋದೆ. ತೊಡೆ ಸ್ನಾಯು ಸೋತಿದೆ, ಕ್ಯಾಪ್ ಅದನ್ನ ಗಟ್ಟಿ ಮಾಡಲ್ಲ ಅಂತ ಹೇಳಿ, ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತೋದು ಕಲಿಸಿದರು. ಪಾವಗಡದಲ್ಲಿ ಬಸ್ ನಿಂತಾಗ ಹಿಂದಿನ ಉದ್ದ ಸೀಟಲ್ಲಿ ಕಾಲು ಚಾಚಿ ಮಾಡ್ತೀನಿ. ನಾನು ನಿದ್ದೆ ಹೊಡೀತಿದ್ದೀನಿ ಅಂದ್ಕೊಂಡು ಕಂಡಕ್ಟರ್ ಟೀ ತರೋದೇ ಇಲ್ಲ.

ಐದು ತಿಂಗಳಿಗೆ ಕೆಳಗಿನ ವೆಲ್ಕ್ರೋ ಹಿಡಿತ ಬಿಟ್ಟಿತು. ನಮ್ಮ ಬೀದಿ ದರ್ಜಿ 20 ರೂಪಾಯಿಗೆ ಹೊಸದು ಹೊಲಿದುಕೊಟ್ಟ.