ಮನೆಯಲ್ಲೇ ಕಟ್ಟಿದ ಟರ್ನ್‌ಟೇಬಲ್: ಕಲ್ಲು, ಅಕ್ರಿಲಿಕ್, ಗನ್ ಮೆಟಲ್, ಯಾವುದಕ್ಕೆ ದುಡ್ಡು ಹಾಕಬೇಕು?

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಸೋಣ ಅಂತ ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ಹಾಕಿ ಹಾಡು ಕೇಳುವ ಯಂತ್ರ, ಕಟ್ಟಲು ಹೋಗಬೇಡಿ, ಉಳಿಯುವುದಿಲ್ಲ. ಆದರೆ ಅಷ್ಟೇ ದುಡ್ಡಿಗೆ ಅಂಗಡಿಯಲ್ಲಿ ಸಿಗುವುದಕ್ಕಿಂತ ಗಟ್ಟಿಮುಟ್ಟಾದದ್ದು ಕೈಗೆ ಬರುತ್ತದೆ. ನಾನು ಬೆಂಗಳೂರಿನಲ್ಲೇ ಸಾಮಾನು ಹೊಂದಿಸಿ ಒಂದು ಬೆಲ್ಟ್ ಡ್ರೈವ್ (ಮೋಟರ್ ಬೆಲ್ಟ್ ಮೂಲಕ ತಿರುಗಿಸುವಂಥದ್ದು) ಕಟ್ಟಿದ್ದೇನೆ, ದಿನಾ ಓಡುತ್ತಿದೆ. ಇಂಥದ್ದು ಕಟ್ಟುವವರೆಲ್ಲ ಯಾವ ಮರ, ಯಾವ ಪಾಲಿಶ್ ಅಂತಲೇ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾಗಿ ದುಡ್ಡು ಸುರಿಯಬೇಕಾದ್ದು ಕಣ್ಣಿಗೇ ಕಾಣದ ಬೇರಿಂಗ್‌ಗೆ.

ಪ್ಲ್ಯಾಟರ್, ಅಂದರೆ ರೆಕಾರ್ಡ್ ಕೂರುವ ತಟ್ಟೆ, ಅದನ್ನು ಹೊತ್ತು ತಿರುಗುವ ಶಾಫ್ಟ್, ಆ ಶಾಫ್ಟ್ ಕೂರುವ ಕೊಳವೆಯಂಥ ಬುಷ್, ಇವೆರಡೇ ಬೇರಿಂಗ್. ರೆಕಾರ್ಡಿನ ಗೆರೆಯಲ್ಲಿ ಸೂಜಿ ಓದುವುದು ಮೈಕ್ರಾನ್ ಲೆಕ್ಕದ ಅಲುಗಾಟವನ್ನು. ಶಾಫ್ಟ್ ಚೂರು ಲೊಡಲೊಡ ಅಂದರೂ ಸಾಕು, ಅದೂ ಹಾಡಿನ ಜೊತೆ ಸ್ಪೀಕರಿನಲ್ಲಿ ಗುಡುಗುಡು ಅಂತ ಬರುತ್ತದೆ. ಹಾಗಾಗಿ ರೆಡಿಮೇಡ್ ಬಾಲ್ ಬೇರಿಂಗ್ ಬೇಡವೇ ಬೇಡ, ಅದರೊಳಗಿನ ಗುಂಡುಗಳು ಉರುಳುವ ಸದ್ದೇ ಕೇಳುತ್ತದೆ. ನಾನು ಹಾಕಿಸಿದ್ದು 10 ಮಿ.ಮೀ. ಗಟ್ಟಿ ಉಕ್ಕಿನ ಶಾಫ್ಟ್, ಗನ್ ಮೆಟಲ್ (ಒಂದು ಬಗೆಯ ಕಂಚು) ಬುಷ್, ತಳದಲ್ಲಿ ಭಾರ ಹೊರಲು ಒಂದೇ ಒಂದು ಉಕ್ಕಿನ ಗುಂಡು. ಗುಂಡು ಎಸ್‌ಪಿ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕಿತು. ಬುಷ್ ಮಾಡಿಸುವುದೇ ಕಷ್ಟ. ಪೀಣ್ಯದಲ್ಲಿ ಲೇತ್ ಅಂಗಡಿಗಳಿಗೇನೂ ಬರವಿಲ್ಲ, ಆದರೆ ಒಂದೇ ಪೀಸ್ ಅಂದ ಕೂಡಲೇ ಮುಖ ತಿರುಗಿಸುವವರೇ ಜಾಸ್ತಿ. ಕೊನೆಗೆ ಒಬ್ಬರು ಟರ್ನರ್ ಒಪ್ಪಿಕೊಂಡರು. ಅವರು ಮೊದಲು ಕೇಳಿದ್ದೇ "ಶಾಫ್ಟ್ ತಂದಿದ್ದೀರಾ ಸಾರ್, ಅದನ್ನ ನೋಡದೆ ತೂತು ಹಾಕಲ್ಲ" ಅಂತ. ಇಂಥವರು ಸಿಕ್ಕರೆ ಬಿಡಬೇಡಿ, ಕೇಳಿದಷ್ಟು ಕೊಡಿ. ಡ್ರಿಲ್ ಮಾಡಿ, ತೂತನ್ನು ನುಣುಪಾಗಿ ಅಳತೆಗೆ ತರುವ ರೀಮರ್ ಹಾಕಿ, ಶಾಫ್ಟ್ ಇಳಿಸಿ ನೋಡಿ, ಮತ್ತೆ ಚೂರು ಉಜ್ಜಿ, ಕೊನೆಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಶಾಫ್ಟನ್ನು ಬುಷ್ ಬಾಯಿಗೆ ಇಟ್ಟು ಕೈ ಬಿಟ್ಟರು. ಅದು ದಡಕ್ಕನೆ ಬೀಳಲಿಲ್ಲ. ಒಳಗಿನ ಗಾಳಿಗೆ ಹೊರಗೆ ಬರಲು ಜಾಗವೇ ಸಿಗದೆ ಮೆಲ್ಲಗೆ, ತಡೆದು ತಡೆದು ಇಳಿಯಿತು. ನಿಮ್ಮ ಬೇರಿಂಗನ್ನೂ ಹೀಗೇ ಪರೀಕ್ಷೆ ಮಾಡಿ. ಟಣ್ ಅಂತ ತಳಕ್ಕೆ ಬಿದ್ದರೆ ವಾಪಸ್ ಕೊಡಿ.

ಪ್ಲಿಂತ್, ಅಂದರೆ ಕೆಳಗಿನ ಹಲಗೆ. ತೇಗ, ಬೀಟೆ, ಹಲಸು ಅಂತ ಆಸೆಪಡುವವರಿಗೆ ಒಂದು ಮಾತು. ವೀಣೆಗೆ ಹಲಸಿನ ಮರ ಬಳಸುವುದು ಅದು ಚೆನ್ನಾಗಿ ನುಡಿಯುತ್ತದೆ ಅಂತಲೇ ಅಲ್ವಾ? ನಮಗೆ ಬೇಕಾದ್ದು ನುಡಿಯದ ಹಲಗೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸದ್ದು ನುಂಗುವುದರಲ್ಲಿ ನಿಜಕ್ಕೂ ಒಳ್ಳೆಯದು, ಆದರೆ ನೀರಿನ ಪಸೆ ತಗುಲಿದರೆ ಉಬ್ಬುತ್ತದೆ. ಮಲೆನಾಡು, ಕರಾವಳಿಯವರಿಗೆ ನಾನು ಹೇಳುವುದಿಲ್ಲ. ನನಗೆ ಹಿಡಿಸಿದ್ದು ಗ್ರಾನೈಟ್. ಅಡುಗೆಮನೆ ಕಟ್ಟೆಯಲ್ಲಿ ಸಿಂಕ್ ಕೂರಿಸಲು ಕೊರೆದು ತೆಗೆದ ತುಂಡು ಗ್ರಾನೈಟ್ ಅಂಗಡಿಗಳಲ್ಲಿ ಸುಮ್ನೆ ಬಿದ್ದಿರುತ್ತದೆ, ಅಳತೆ ಕೂಡ ಹೆಚ್ಚುಕಡಿಮೆ ಟರ್ನ್‌ಟೇಬಲ್‌ನಷ್ಟೇ. 45 ಸೆಂ.ಮೀ. ಉದ್ದ, 38 ಅಗಲ, 2 ಸೆಂ.ಮೀ. ದಪ್ಪದ ತುಂಡು ಸುಮಾರು 9 ಕೆ.ಜಿ. ತೂಗುತ್ತದೆ. ನಲ್ಲಿಗೆ ತೂತು ಹಾಕುವ ಡೈಮಂಡ್ ಬಿಟ್‌ನಲ್ಲೇ ಬೇರಿಂಗ್ ತೂತನ್ನೂ ಹಾಕಿಕೊಡುತ್ತಾರೆ. ಬರೀ ಕಲ್ಲನ್ನು ಬೆರಳಲ್ಲಿ ತಟ್ಟಿದರೆ ಟಿಣ್ ಅನ್ನುತ್ತದೆ, ಅದನ್ನು ಕೊಲ್ಲಲು ಕೆಳಗೆ ಕಾರ್ಕ್ ಶೀಟ್, ಅದರ ಕೆಳಗೆ ಮರೈನ್ ಪ್ಲೈವುಡ್ ಅಂಟಿಸಿ. ಆಮೇಲೆ ತಟ್ಟಿ, ಬರೀ ದಪ್ ಅನ್ನುತ್ತದೆ. ಬೇರಿಂಗ್ ಮತ್ತು ಟೋನ್‌ಆರ್ಮ್ (ಸೂಜಿ ಹೊತ್ತು ರೆಕಾರ್ಡಿನ ಮೇಲೆ ಚಲಿಸುವ ಕೈ) ಎರಡೂ ಅದೇ ಕಲ್ಲಿಗೆ ಬಿಗಿಯಾಗಿ ಕೂರಬೇಕು, ಇದರಲ್ಲಿ ರಾಜಿ ಇಲ್ಲ.

ಪ್ಲ್ಯಾಟರ್‌ಗೆ ಅಲ್ಯೂಮಿನಿಯಂ ಅಥವಾ ಅಕ್ರಿಲಿಕ್. 300 ಮಿ.ಮೀ. ಅಗಲ, 30 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಟ್ಟೆ 5.7 ಕೆ.ಜಿ. ಬರುತ್ತದೆ. ಭಾರ ಇರುವುದು ವೇಗ ಸ್ಥಿರವಾಗಿರಲು ಒಳ್ಳೆಯದೇ, ಆದರೆ ಅದು ಗಂಟೆಯ ಹಾಗೆ ಮೊಳಗುತ್ತದೆ, ಮೇಲೆ ಮ್ಯಾಟ್ ಬೇಕೇ ಬೇಕು. ಅಕ್ರಿಲಿಕ್ ಅದೇ ಅಳತೆಗೆ ಎರಡೂವರೆ ಕೆ.ಜಿ. ಮಾತ್ರ, ಆದರೂ ನನ್ನ ಓಟು ಅದಕ್ಕೇ. ರೆಕಾರ್ಡಿನ ವಿನೈಲ್‌ಗೂ ಅದಕ್ಕೂ ಗುಣ ಹತ್ತಿರ, ರೆಕಾರ್ಡನ್ನು ನೇರವಾಗಿ ಅದರ ಮೇಲೇ ಇಡಬಹುದು. ಕಾಸ್ಟ್ ಅಕ್ರಿಲಿಕ್ ಅಂತ ಕೇಳಿ ತಗೊಳ್ಳಿ. ಎಕ್ಸ್‌ಟ್ರೂಡ್ ಶೀಟ್ ಅಗ್ಗ, ಆದರೆ ಲೇತ್‌ನಲ್ಲಿ ಬಿಸಿಗೆ ಕರಗಿ ಟೂಲಿಗೆ ಅಂಟಿಕೊಳ್ಳುತ್ತದೆ. ಒಂದೇ ತಕರಾರು, ಚಳಿಗಾಲದ ಒಣ ಹವೆಯಲ್ಲಿ ಧೂಳು ಎಳೆದುಕೊಳ್ಳುತ್ತದೆ.

ಟೋನ್‌ಆರ್ಮ್ ಮಾತ್ರ ಕೊಂಡುಕೊಳ್ಳಿ. ನನ್ನದು ರೇಗಾ ಆರ್‌ಬಿ330. ಅದರ ತಿರುಗುವ ಬಿಂದುವಿನಿಂದ ಪ್ಲ್ಯಾಟರ್ ನಡುವಿಗೆ 222 ಮಿ.ಮೀ. ಇರಬೇಕು, ತೂತು ಹಾಕುವ ಮುಂಚೆ ಇದನ್ನು ಮತ್ತೆ ಮತ್ತೆ ಅಳೆಯಿರಿ. ಅದರ ತುದಿಯಲ್ಲಿ ಸೂಜಿ ಹಿಡಿದು, ಅಲುಗಾಟವನ್ನು ವಿದ್ಯುತ್ ಸಂಕೇತ ಮಾಡುವ ಕಾರ್ಟ್ರಿಜ್ ಆಡಿಯೋ ಟೆಕ್ನಿಕಾ ವಿಎಂ95ಇ, ಸೂಜಿ ರೆಕಾರ್ಡನ್ನು ಒತ್ತುವ ಭಾರ 2 ಗ್ರಾಂ. ಬೆಲೆಗೆ ಇದು ಸಿಕ್ಕಾಪಟ್ಟೆ ಒಳ್ಳೆಯದು. ಮುಂದೆ ಆಸೆಯಾದರೆ ಸೂಜಿ ಮಾತ್ರ ಬದಲಿಸಿ ಇದೇ ಸಾಲಿನ ಮೇಲಿನ ದರ್ಜೆಗೆ ಹೋಗಬಹುದು.

ಇನ್ನು ಮೋಟರ್. 24 ವೋಲ್ಟ್ ಎಸಿ ಸಿಂಕ್ರೊನಸ್ ಮೋಟರ್ (ಕರೆಂಟಿನ ಹರ್ಟ್ಜ್‌ಗೆ ತಕ್ಕ ವೇಗ ಹಿಡಿಯುವಂಥದ್ದು), 50 ಹರ್ಟ್ಜ್‌ಗೆ ನಿಮಿಷಕ್ಕೆ 250 ಸುತ್ತು. ಕರೆಂಟ್ ಹೋದಾಗ ಸೈನ್ ವೇವ್ ಅಲ್ಲದ ಇನ್ವರ್ಟರಿನಲ್ಲಿ ಗುಂಯ್ ಅನ್ನುತ್ತದೆ, ಆಗ ಹಾಡು ನಿಲ್ಲಿಸಿಬಿಡಿ. ಬೆಲ್ಟ್ ಎಳೆಯುವ ಮೋಟರಿನ ಗಾಲಿ, ಅಂದರೆ ಪುಲ್ಲಿಯ ಲೆಕ್ಕ ಸುಲಭ ಅನ್ನಿಸುತ್ತದೆ, 300 ಮಿ.ಮೀ. ಪ್ಲ್ಯಾಟರ್ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದರೆ ಪುಲ್ಲಿ 40 ಮಿ.ಮೀ. ಆದರೆ ಬೆಲ್ಟಿನ ದಪ್ಪವನ್ನೂ ಸೇರಿಸಬೇಕು. 1 ಮಿ.ಮೀ. ಬೆಲ್ಟ್ ಆದರೆ ಪುಲ್ಲಿ 39.1 ಇರಬೇಕು, 40 ಇಟ್ಟರೆ ವೇಗ ಶೇಕಡಾ 2ರಷ್ಟು ಜಾಸ್ತಿ. ಎರಡೇ ತಾನೇ ಅನ್ನಬೇಡಿ, ಅರ್ಧ ಸ್ವರದ ಮೂರನೇ ಒಂದು ಪಾಲು ಶ್ರುತಿ ಏರುತ್ತದೆ. ಭೀಮಸೇನ ಜೋಶಿಯವರ ರೆಕಾರ್ಡ್ ಹಾಕಿ, ಪಕ್ಕದಲ್ಲಿ ಅದೇ ಶ್ರುತಿಗೆ ತಂಬೂರಿ ಹಿಡಿದರೆ ಗೊತ್ತಾಗಿಬಿಡುತ್ತದೆ. ವೇಗದ ಪರೀಕ್ಷೆಗೆ, ಪ್ಲ್ಯಾಟರ್ ಮೇಲೆ ಇಡುವ 180 ಗೆರೆಗಳ ಸ್ಟ್ರೋಬ್ ಡಿಸ್ಕ್ ಸಾಕು, ಕಾಗದದ ಮೇಲೆ ಪ್ರಿಂಟ್ ಹಾಕಿಸಬಹುದು. ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ಒಳ್ಳೆಯ ಎಲ್‌ಇಡಿ ಬಲ್ಬ್ ಮಿಣುಕುವುದಿಲ್ಲ, ಸ್ವಿಚ್‌ಬೋರ್ಡಿನ ಕೆಂಪು ನಿಯಾನ್ ಇಂಡಿಕೇಟರ್ ಹತ್ತಿರ ಹಿಡಿದು ನೋಡಿ. ಗೆರೆಗಳು ತಿರುಗುವ ದಿಕ್ಕಿಗೇ ಜಾರುತ್ತಿದ್ದರೆ ವೇಗ ಜಾಸ್ತಿ, ಪುಲ್ಲಿಯನ್ನು ಇನ್ನೊಂದು ಎಳೆ ಉಜ್ಜಿಸಬೇಕು. ಅದಕ್ಕೇ ಮೊದಲ ಸಲ ಲೇತ್‌ಗೆ ಕೊಡುವಾಗ ಪುಲ್ಲಿ ಸ್ವಲ್ಪ ದಪ್ಪಗೇ ಇರಲಿ ಅಂತ ಹೇಳಿ.