ಬಹುಬ್ಯಾಂಡ್ ಲೂಪಿಗೆ 4:1 ಬ್ಯಾಲನ್: ಪೆಟ್ಟಿಗೆ ಒಳ್ಳೆಯದು, ಭರವಸೆ ಅತಿಯಾಯಿತು

ಹವ್ಯಾಸಿ ರೇಡಿಯೊದ ಬಹುಬ್ಯಾಂಡ್ ಲೂಪ್ ಆಂಟೆನಾಗಳಿಗೆಂದೇ (ಹಲವು ಆವರ್ತನ ಪಟ್ಟಿಗಳಿಗೆ ಬಳಸುವ, ತಂತಿಯ ಮುಚ್ಚಿದ ಸುತ್ತುಗಳಿಗೆಂದೇ) ತಯಾರಾದದ್ದು, ಟ್ಯೂನರ್ (ಆಂಟೆನಾವನ್ನು ರೇಡಿಯೊಗೆ ಹೊಂದಿಸುವ ಉಪಕರಣ) ಬೇಕಿಲ್ಲ ಎಂಬ ವಿವರಣೆಯೊಂದಿಗೆ ಮಾರಾಟವಾಗುವ ಒಂದು 4:1 ಕರೆಂಟ್ ಬ್ಯಾಲನ್ ಅನ್ನು ನೆಲಕ್ಕೆ ಸಮಾನಾಂತರವಾಗಿ ಕಟ್ಟಿದ 85 ಮೀಟರ್ ತಂತಿಯ ಲೂಪಿಗೆ ಜೋಡಿಸಿ ಪರೀಕ್ಷಿಸಿದ್ದೇನೆ. ಬ್ಯಾಲನ್ ಎಂದರೆ ಸಮತೋಲದ ಆಂಟೆನಾವನ್ನು ಕೋಆಕ್ಸ್ ಕೇಬಲ್ಲಿಗೆ (ಹೊರಕವಚವಿರುವ ಫೀಡ್ ಕೇಬಲ್ಲಿಗೆ) ಜೋಡಿಸುವ ಟ್ರಾನ್ಸ್‌ಫಾರ್ಮರ್. 4:1 ಬಗೆಯದು ಆಂಟೆನಾದ ಇಂಪೀಡೆನ್ಸನ್ನು (ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆಯನ್ನು) ನಾಲ್ಕರಿಂದ ಭಾಗಿಸಿ, 200 ಓಮನ್ನು ರೇಡಿಯೊ ಬಯಸುವ 50 ಓಮಿಗೆ ಇಳಿಸುತ್ತದೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿನ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಬೇರೆ ಪೆಟ್ಟಿಗೆಗಳಿಗೂ ಅನ್ವಯಿಸುತ್ತವೆ.

ಮುಚ್ಚಳ ತೆಗೆದರೆ ಎರಡು ಫೆರೈಟ್ ಟೊರಾಯ್ಡ್‌ಗಳು (ಕಾಂತೀಯ ವಸ್ತುವಿನ ಬಳೆಗಳು) ಕಾಣುತ್ತವೆ, ಪ್ರತಿಯೊಂದರ ಮೇಲೂ ಒಂದು ಜೋಡಿ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಲಾಗಿದೆ. ಸ್ವಿಸ್ ಎಂಜಿನಿಯರ್ ಗುವಾನೆಲ್ಲಾ 1944ರಲ್ಲಿ ವಿವರಿಸಿದ ವಿನ್ಯಾಸವನ್ನು ಕಟ್ಟಬೇಕಾದ ರೀತಿ ಇದು. ಖರ್ಚು ಉಳಿಸಲು ಎರಡೂ ಜೋಡಿಗಳನ್ನು ಒಂದೇ ಟೊರಾಯ್ಡ್ ಮೇಲೆ ಸುತ್ತಿದ ಬ್ಯಾಲನ್‌ಗಳು ರೆಸಿಸ್ಟರ್ ಮೇಲೆ ಪರೀಕ್ಷಿಸುವಾಗ ಚೆನ್ನಾಗಿಯೇ ಕಾಣುತ್ತವೆ. ಆದರೆ ಲೂಪಿನ ಒಂದು ಬದಿ ಮರಕ್ಕೋ ಗೋಡೆಗೋ ಹತ್ತಿರವಾಗಿ ಸಮತೋಲ ತಪ್ಪಿದಾಗ, ಕೋಆಕ್ಸ್ ಕೇಬಲ್ಲಿನ ಹೊರಕವಚದ ಮೇಲೆ ಹರಿಯುವ ಕರೆಂಟನ್ನು ಅವು ಸರಿಯಾಗಿ ತಡೆಯಲಾರವು. ಖಚಿತಪಡಿಸಿಕೊಳ್ಳಲು ಎರಡು 100 ಓಮ್ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಅವುಗಳ ನಡುಬಿಂದುವನ್ನು ಕೇಬಲ್ಲಿನ ಕವಚಕ್ಕೆ ತಾಗಿಸಿ ನೋಡಿದೆ. ಎಸ್‌ಡಬ್ಲ್ಯುಆರ್ (ಹೊಂದಾಣಿಕೆಯ ಅಳತೆ, 1 ಎಂದರೆ ಪೂರ್ಣ ಹೊಂದಾಣಿಕೆ) ಬಹುತೇಕ ಕದಲಲಿಲ್ಲ, 28 ಮೆಗಾಹರ್ಟ್ಸ್‌ವರೆಗೂ 1.5ನ್ನು ದಾಟಲಿಲ್ಲ. ಕೈಕೆಲಸಕ್ಕೆ ನನ್ನ ಪೂರ್ಣ ಮೆಚ್ಚುಗೆ ಇದೆ.

ಟ್ಯೂನರ್ ಬೇಕಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾಗದು. 306ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ಪೂರ್ಣ ತರಂಗದ ಲೂಪಿನ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. ಆ ಲೆಕ್ಕದಂತೆ 85 ಮೀಟರ್ ಲೂಪ್ 3.6 ಮೆಗಾಹರ್ಟ್ಸ್‌ಗೆ ಹೊಂದುತ್ತದೆ. ನಡುವೆ ಫೀಡ್ ಮಾಡಿದ ಡೈಪೋಲ್ (ಎರಡು ತೋಳಿನ ತಂತಿ ಆಂಟೆನಾ) ಬೆಸ ಹಾರ್ಮೋನಿಕ್‌ಗಳಲ್ಲಷ್ಟೇ (ಮೂಲ ಆವರ್ತನದ ಬೆಸ ಗುಣಕಗಳಲ್ಲಷ್ಟೇ) ಕಡಿಮೆ ಇಂಪೀಡೆನ್ಸ್ ಕೊಡುತ್ತದೆ, ಲೂಪ್ ಆದರೋ ಸಮ ಮತ್ತು ಬೆಸ ಎರಡರಲ್ಲೂ ಕೊಡುತ್ತದೆ. ಹಾಗಾಗಿ 7, 14, 21 ಮೆಗಾಹರ್ಟ್ಸ್‌ಗಳ ಆಸುಪಾಸಿನಲ್ಲಿ, ಇಂಪೀಡೆನ್ಸ್ 200 ಓಮ್ ಕಡೆಗೆ ಏರುವಲ್ಲಿ, ಈ ಬ್ಯಾಲನ್ ನಿಜವಾಗಿಯೂ ಉಪಯುಕ್ತ. ಮೂಲ ಆವರ್ತನದಲ್ಲಿ ಲೂಪಿನ ಇಂಪೀಡೆನ್ಸ್ ಸಾಮಾನ್ಯವಾಗಿ 100ರಿಂದ 120 ಓಮ್ ಇರುವುದರಿಂದ, ನಾಲ್ಕರಿಂದ ಭಾಗಿಸಿದಾಗ 25ರಿಂದ 30 ಓಮ್ ಉಳಿದು ಎಸ್‌ಡಬ್ಲ್ಯುಆರ್ 2ರ ಹತ್ತಿರಕ್ಕೆ ಹೋಗುತ್ತದೆ. (80 ಮೀಟರ್ ಬ್ಯಾಂಡ್, ಅಂದರೆ 3.6 ಮೆಗಾಹರ್ಟ್ಸ್ ಆಸುಪಾಸು, ಒಂದೇ ಸಾಕು ಎನ್ನುವವರಿಗೆ 75 ಓಮ್ ಕೋಆಕ್ಸಿನ ಕಾಲು ತರಂಗದ ತುಂಡು, ಅಂದರೆ ತರಂಗ ಬೆಳಕಿನ 0.66 ಪಟ್ಟು ವೇಗದಲ್ಲಿ ಸಾಗುವ ಕೇಬಲ್ಲಿನಲ್ಲಿ ಸುಮಾರು 13.7 ಮೀಟರ್, ಇದಕ್ಕಿಂತ ಉತ್ತಮ ಹೊಂದಾಣಿಕೆ ಕೊಡುತ್ತದೆ.) 10.1 ಮೆಗಾಹರ್ಟ್ಸ್ ಎರಡು ಹಾರ್ಮೋನಿಕ್‌ಗಳ ನಡುವೆ ಬೀಳುವುದರಿಂದ ಅಲ್ಲಿ ರಿಯಾಕ್ಟೆನ್ಸ್ (ಇಂಪೀಡೆನ್ಸಿನಲ್ಲಿ ಶಕ್ತಿಯನ್ನು ಬಳಸದೆ ಹಿಂದಿರುಗಿಸುವ ಭಾಗ) ಹೆಚ್ಚು. ಬ್ಯಾಲನ್ ಅದನ್ನು ಭಾಗಿಸಬಹುದೇ ಹೊರತು ಅಳಿಸಲಾರದು. 1.8 ಮೆಗಾಹರ್ಟ್ಸ್‌ನಲ್ಲಿ ಇದೇ ಲೂಪ್ ಅರ್ಧ ತರಂಗದ್ದಾಗಿ ಇಂಪೀಡೆನ್ಸ್ ಸಾವಿರಾರು ಓಮ್‌ಗಳಿಗೆ ಜಿಗಿಯುತ್ತದೆ, ಆ ಬ್ಯಾಂಡಿಗೆ ಇದನ್ನು ಬಳಸಲೇಬಾರದು.

ಪೆಟ್ಟಿಗೆಯ ಮೇಲೆ ಮುದ್ರಿಸಿದ ವ್ಯಾಟ್‌ಗಳ ಮಿತಿ ಹೊಂದಾಣಿಕೆಯಾದ 200 ಓಮ್ ಲೋಡಿಗೆ ಮಾತ್ರ ಸಲ್ಲುತ್ತದೆ. 100 ವ್ಯಾಟ್‌ನಲ್ಲಿ ಡಿಜಿಟಲ್ ಪ್ರಸಾರ ಮಾಡಿದಾಗ 14 ಮೆಗಾಹರ್ಟ್ಸ್‌ನಲ್ಲಿ ಟೊರಾಯ್ಡ್‌ಗಳು ತಣ್ಣಗೇ ಇದ್ದವು, ಆದರೆ ಟ್ಯೂನರ್ ಸಹಾಯದಿಂದ 10.1ರಲ್ಲಿ ಅದನ್ನೇ ಮಾಡಿದಾಗ ಸ್ಪಷ್ಟವಾಗಿ ಬಿಸಿಯಾದವು. ಟ್ಯೂನರ್ ರೇಡಿಯೊದ ಕಣ್ಣಿಗೆ ಹೊಂದಾಣಿಕೆ ತೋರಿಸುತ್ತದೆ, ಅದರಾಚೆಗಿನ ಕೋಆಕ್ಸ್ ಮತ್ತು ಬ್ಯಾಲನ್‌ನಲ್ಲಿನ ನಷ್ಟ ಹಾಗೆಯೇ ಉಳಿಯುತ್ತದೆ.

ಎಲ್ಲ ಬ್ಯಾಂಡ್‌ಗಳೂ ಬೇಕೆಂದರೆ ಲೂಪಿನಿಂದ ರೇಡಿಯೊ ಕೋಣೆಯವರೆಗೆ 450 ಓಮ್ ಲ್ಯಾಡರ್ ಲೈನ್ (ಎರಡು ಸಮಾನಾಂತರ ತಂತಿಗಳ ಫೀಡ್ ಲೈನ್) ಎಳೆದು, ಅಗಲ ವ್ಯಾಪ್ತಿಯ ಟ್ಯೂನರ್ ಬಳಸುವುದೇ ನನ್ನ ಶಿಫಾರಸು. ಎಸ್‌ಡಬ್ಲ್ಯುಆರ್ ಹೆಚ್ಚಿದ್ದರೂ ಅದರಲ್ಲಿ ನಷ್ಟ ಕೋಆಕ್ಸಿಗಿಂತ ಬಹಳ ಕಡಿಮೆ. ಆ ವ್ಯವಸ್ಥೆಯಲ್ಲಿ ಟ್ಯೂನರ್ ಪಕ್ಕಕ್ಕೆ ಈ 4:1 ಪೆಟ್ಟಿಗೆಯನ್ನು ತರಬೇಡಿ. ಲೈನಿನ ಉದ್ದಕ್ಕೆ ತಕ್ಕಂತೆ ಕೆಲವು ಬ್ಯಾಂಡ್‌ಗಳಲ್ಲಿ ಕೊನೆಯ ಇಂಪೀಡೆನ್ಸ್ ಮೊದಲೇ ಕಡಿಮೆಯಿರುತ್ತದೆ, ಅದನ್ನು ಮತ್ತೆ ನಾಲ್ಕರಿಂದ ಭಾಗಿಸಿದರೆ ಟ್ಯೂನರ್ ಹಿಡಿಯಲಾರದಷ್ಟು ಕೆಳಗಿಳಿಯುತ್ತದೆ. ಅಲ್ಲಿ ಒಳ್ಳೆಯ 1:1 ಕರೆಂಟ್ ಬ್ಯಾಲನ್ ಇರಲಿ.

ಕೋಆಕ್ಸ್ ಮೂಲಕ ಮೂರುನಾಲ್ಕು ಬ್ಯಾಂಡ್‌ಗಳಷ್ಟೇ ಸಾಕು ಎನ್ನುವವರು ಇದನ್ನು ಕೊಳ್ಳಬಹುದು. ಆದರೆ ತಂತಿಯ ಎಳೆತವೆಲ್ಲ ಟರ್ಮಿನಲ್ ಸ್ಕ್ರೂಗಳ ಮೇಲೆಯೇ ಬೀಳುವಂತಿದೆ, ನೀರು ಬಸಿಯಲು ಕೆಳಗೆ ರಂಧ್ರವೂ ಇಲ್ಲ. ಮೇಲೇರಿಸುವ ಮೊದಲು ತಂತಿಯ ಎರಡು ತುದಿಗಳನ್ನು ಒಂದು ಇನ್ಸುಲೇಟರ್‌ಗೆ ಕಟ್ಟಿ, ಅಲ್ಲಿಂದ ಸಡಿಲವಾದ ತುಂಡುಗಳಲ್ಲಿ ಬ್ಯಾಲನ್‌ಗೆ ಜೋಡಿಸಿ, ಪೆಟ್ಟಿಗೆಯ ತಳಕ್ಕೆ ಸಣ್ಣ ರಂಧ್ರ ಕೊರೆಯಬೇಕು.